ಏಣಿ ಹತ್ತುವ ಮುನ್ನ ಮೆಟ್ಟಿಲು ನೋಡಿ



ಇಂದಿನ ಆರೋಗ್ಯ ಪಾಠ ಬಿಪಿ, ಶುಗರ್ ಬಗ್ಗೆ ಅಲ್ಲ, ಏಣಿಯ ಬಗ್ಗೆ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ಕೂಕಟ್‌ಪಲ್ಲಿಗೆ ಬಂದು ನೆಲೆಸಿದ ನಮ್ಮವರಲ್ಲಿ ಎಷ್ಟೋ ಮಂದಿ ಕಟ್ಟಡದ ಕೆಲಸ, ಪೇಂಟಿಂಗ್, ವೈರಿಂಗ್ ಮಾಡುತ್ತಾರೆ. ಆಫೀಸಿಗೆ ಹೋಗುವವರೂ ರಜೆಯ ದಿನ ನೀರಿನ ಟ್ಯಾಂಕ್ ನೋಡಲು ತಾರಸಿ ಹತ್ತುತ್ತಾರೆ. ಹಬ್ಬ ಬಂದರೆ ಜೇಡರ ಬಲೆ ತೆಗೆಯಲು ಅಮ್ಮಂದಿರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ನಿಲ್ಲುತ್ತಾರೆ. ಬಿದ್ದರೆ ಆರಡಿ ಎತ್ತರವೂ ಸಾಕು, ಸೊಂಟ ಅಥವಾ ಬೆನ್ನುಮೂಳೆ ಮುರಿಯಲು. ದುಡಿಯುವ ಒಬ್ಬರು ಮಲಗಿದರೆ ಇಲ್ಲಿನ ಬಾಡಿಗೆಯೂ ನಿಲ್ಲುತ್ತದೆ, ಊರಿಗೆ ಕಳಿಸುವ ಹಣವೂ ನಿಲ್ಲುತ್ತದೆ.

*ಯಾವ ಏಣಿ ಕೊಳ್ಳಬೇಕು?*

✅ ಮೆಟ್ಟಿಲು ಚಪ್ಪಟೆಯಾಗಿರಲಿ, ಸುಮಾರು 3 ಇಂಚು ಅಗಲವಿರಲಿ, ಮೇಲೆ ಗೀರುಗಳಿರಲಿ. ದುಂಡು ಸರಳಿನ ಮೇಲೆ ಹೆಚ್ಚು ಹೊತ್ತು ನಿಂತರೆ ಅಂಗಾಲು ನೋಯುತ್ತದೆ, ಒದ್ದೆಯಾದರೆ ಜಾರುತ್ತದೆ.

✅ ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮ ಇರಲಿ. ಒಂದು ಹತ್ತಿರ, ಒಂದು ದೂರ ಇದ್ದರೆ ಇಳಿಯುವಾಗ ಕಾಲು ತಪ್ಪುತ್ತದೆ.

✅ ಎಷ್ಟು ಭಾರ ತಡೆಯುತ್ತದೆ ಎಂದು ಅಂಗಡಿಯಲ್ಲಿ ಕೇಳಿ. 75 ಕಿಲೋ ತೂಕದ ಮನುಷ್ಯ 20 ಲೀಟರ್ ಬಣ್ಣದ ಡಬ್ಬ ಹಿಡಿದರೆ 95 ಕಿಲೋ ದಾಟುತ್ತದೆ. 150 ಕಿಲೋ ತಡೆಯುವುದನ್ನೇ ಕೊಳ್ಳಿ.

✅ ಕಾಲುಗಳಿಗೆ ರಬ್ಬರ್ ಬೂಟು ಇರಲಿ. ಟೈಲ್ಸ್ ನೆಲದಲ್ಲಿ ಜಾರದಂತೆ ಹಿಡಿಯುವುದು ಅದೇ.

✅ ಕರೆಂಟಿನ ಕೆಲಸಕ್ಕೆ ಅಲ್ಯೂಮಿನಿಯಂ, ಕಬ್ಬಿಣದ ಏಣಿ ಬೇಡ. ಒಣಗಿದ ಫೈಬರ್ ಏಣಿ ಬಳಸಿ. ಬೀದಿಯ ತಂತಿ ಬಾಲ್ಕನಿಯ ಪಕ್ಕದಲ್ಲೇ ಹಾದಿದ್ದರೆ ಅಲ್ಲಿ ಯಾವ ಏಣಿಯನ್ನೂ ಎತ್ತಬೇಡಿ.

✅ ಬಿದಿರು, ಮರದ ಏಣಿಗೆ ಬಣ್ಣ ಬಳಿಯಬೇಡಿ. ಬಿರುಕು ಬಣ್ಣದಡಿ ಮುಚ್ಚಿಹೋಗುತ್ತದೆ. ಹಗ್ಗದ ಕಟ್ಟು ಸಡಿಲಾಗಿದ್ದರೆ ಹತ್ತಬೇಡಿ.

*ಟ್ಯಾಂಕಿನ ಕಬ್ಬಿಣದ ಏಣಿ*

ಬಾಡಿಗೆ ಮನೆಗಳ ತಾರಸಿಯಲ್ಲಿ ಗೋಡೆಗೆ ಕೂರಿಸಿದ ಏಣಿ ಮಳೆ ಬಿಸಿಲಿಗೆ ತುಕ್ಕು ಹಿಡಿದಿರುತ್ತದೆ. ತುಕ್ಕು ಮೊದಲು ತಿನ್ನುವುದು ಗೋಡೆಗೆ ಸೇರುವ ಜಾಗ ಮತ್ತು ವೆಲ್ಡಿಂಗ್ ಮಾಡಿದ ಜಾಗ. ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಅಲುಗಿದರೆ, ಪದರ ಪದರವಾಗಿ ತುಕ್ಕು ಉದುರಿದರೆ ಹತ್ತಬೇಡಿ, ಮನೆ ಮಾಲೀಕರಿಗೆ ಫೋಟೋ ಕಳಿಸಿ ರಿಪೇರಿ ಮಾಡಿಸಿ. ಬೇಸಿಗೆಯಲ್ಲಿ ಟ್ಯಾಂಕರ್ ಬಂದ ಅವಸರದಲ್ಲಿ, ರಾತ್ರಿ ಕತ್ತಲಲ್ಲಿ ಹತ್ತುವುದಂತೂ ಬೇಡವೇ ಬೇಡ.

*ಹತ್ತುವ ಕ್ರಮ*

1. ಗೋಡೆಗೆ ಒರಗಿಸುವ ಏಣಿಗೆ ಲೆಕ್ಕ ಸುಲಭ. 4 ಅಡಿ ಎತ್ತರಕ್ಕೆ 1 ಅಡಿ ದೂರ. 12 ಅಡಿ ಎತ್ತರದಲ್ಲಿ ಒರಗಿದರೆ ಬುಡ ಗೋಡೆಯಿಂದ 3 ಅಡಿ ದೂರ ಇರಬೇಕು.
2. ತಾರಸಿಗೆ ಹತ್ತುವುದಾದರೆ ಏಣಿ ತಾರಸಿಯ ಅಂಚಿಗಿಂತ 3 ಅಡಿ ಮೇಲಿರಲಿ, ಹಿಡಿದು ಇಳಿಯಲು ಬೇಕು. ತುದಿಯನ್ನು ಹಗ್ಗದಿಂದ ಕಟ್ಟಿ.
3. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಏಣಿಯ ಮೇಲಿರಲಿ. ಸಾಮಾನನ್ನು ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳಿ.
4. ತುದಿಯ ಮೆಟ್ಟಿಲ ಮೇಲೆ ನಿಲ್ಲಬೇಡಿ. ಪಕ್ಕಕ್ಕೆ ಬಾಗುವ ಬದಲು ಇಳಿದು ಏಣಿಯನ್ನೇ ಸರಿಸಿ.
5. ತಲೆಸುತ್ತು ಇರುವವರು, ಬಿಪಿ ಅಥವಾ ನಿದ್ರೆ ಮಾತ್ರೆಯಿಂದ ತೂಕಡಿಕೆ ಬರುವವರು, ಕುಡಿದವರು ಹತ್ತಬಾರದು. ದೂರಕ್ಕೂ ಓದಲೂ ಒಂದೇ ಕನ್ನಡಕ ಹಾಕುವ ಹಿರಿಯರಿಗೆ ಕೆಳಗಿನ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ಅವರನ್ನೂ ಹತ್ತಿಸಬೇಡಿ.

*ಬಿದ್ದರೆ ಏನು ಮಾಡಬೇಕು?*

ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎಳೆದಾಟದಲ್ಲೇ ಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಮಲಗಿದಂತೆಯೇ ಇರಲಿ, ಒಬ್ಬರು ತಲೆ ಅಲುಗದಂತೆ ಎರಡೂ ಕೈಯಿಂದ ಹಿಡಿಯಲಿ. ನೀರು, ಕಾಫಿ ಕೊಡಬೇಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ.

*108* ಕ್ಕೆ ಕರೆ ಮಾಡಿ. ತೆಲುಗು ಬಾರದ ಹಿರಿಯರಿಗೆ ಈ ಒಂದು ಮಾತು ಕಲಿಸಿಡಿ: "ನಿಚ್ಚೆನ ಮೀದ ನುಂಚಿ ಪಡ್ಡಾರು". ನಮ್ಮ ಕಡೆಯ ನಿಚ್ಚಣಿಕೆಯೇ ಇಲ್ಲಿನ ನಿಚ್ಚೆನ, ಮರೆಯುವುದಿಲ್ಲ. ಮನೆಗೆ ಹತ್ತಿರದ ಮೆಟ್ರೊ ಪಿಲ್ಲರ್ ನಂಬರನ್ನೂ ಬಾಗಿಲ ಹಿಂದೆ ಬರೆದು ಅಂಟಿಸಿ.

ಬಿದ್ದವರು ಎದ್ದು ಓಡಾಡಿದರೂ ಒಂದು ದಿನ ಗಮನವಿಡಿ. ವಾಂತಿ, ಹೆಚ್ಚುವ ತಲೆನೋವು, ತೂಕಡಿಕೆ, ತೊದಲು ಮಾತು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ ಏನೂ ಅನಿಸದಿದ್ದರೂ ತೋರಿಸಲೇಬೇಕು.

ಈ ಭಾನುವಾರ ನಿಮ್ಮ ಮನೆಯ ಏಣಿಯನ್ನು ಒಮ್ಮೆ ಬಿಸಿಲಿಗೆ ಹಿಡಿದು ಪ್ರತಿ ಮೆಟ್ಟಿಲನ್ನೂ ನೋಡಿ. ಕೆಲಸಕ್ಕೆ ಹೋಗುವ ತಮ್ಮನಿಗೂ, ಊರಲ್ಲಿ ಜೋಳ ಕಾಯಲು ಅಟ್ಟಣಿಗೆ ಹತ್ತುವ ಅಪ್ಪನಿಗೂ ಇದನ್ನು ಓದಿ ಹೇಳಿ. 🙏