ದೆವ್ವದ ಮನೆಯ ಮುಂದೆ ನಿಂತಾಗ



ಅಮೆರಿಕದ ನ್ಯೂ ಓರ್ಲಿಯನ್ಸ್ ಹಳೆಯ ಕಥೋಲಿಕ ನಗರ. ಮಗನನ್ನೋ ಮಗಳನ್ನೋ ನೋಡಲು ಆ ದೇಶಕ್ಕೆ ಹೋದ ನಮ್ಮವರು ಅಲ್ಲಿಗೂ ಪ್ರವಾಸ ಹೋಗುವುದುಂಟು. ಹಗಲಿನಲ್ಲಿ ಸಂತ ಲೂಯಿಸರ ಪ್ರಧಾನಾಲಯ ನೋಡಿದರೆ, ಕತ್ತಲಾದ ಮೇಲೆ ‘ದೆವ್ವದ ಮನೆಗಳ ಪ್ರವಾಸ’. ಟಿಕೆಟ್ ಕೊಂಡ ಇಪ್ಪತ್ತು ಇಪ್ಪತ್ತೈದು ಮಂದಿ ಮಾರ್ಗದರ್ಶಿಯ ಹಿಂದೆ ಹಳೆಯ ಬೀದಿಗಳಲ್ಲಿ ನಡೆಯುತ್ತಾರೆ. ಆತ ಒಂದೊಂದು ಮನೆಯ ಮುಂದೆ ನಿಂತು, ದನಿ ತಗ್ಗಿಸಿ ಕಥೆ ಹೇಳುತ್ತಾನೆ. ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ.

ಇಂಥದಕ್ಕೆ ಕ್ರೈಸ್ತರು ಹೋಗಬಹುದೇ? ಹಳೆಯ ಮನೆಯ ಕಥೆ ಕೇಳುವುದು ಪಾಪವಲ್ಲ. ಆದರೆ ಕಥೆ ಕೇಳುವುದು ಬೇರೆ, ಸತ್ತವರನ್ನು ಕರೆಯುವುದು ಬೇರೆ. ಸೌಲ ಅರಸನು ಎಂದೋರಿನ ಹೆಂಗಸಿನ ಬಳಿಗೆ ಮಾರುವೇಷದಲ್ಲಿ ಹೋಗಿ ಸಮುವೇಲನನ್ನು ಕರೆಸಿದ ಪ್ರಸಂಗ ನಿಮಗೆ ಗೊತ್ತೇ ಇದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2116ನೆಯ ಪರಿಚ್ಛೇದದಲ್ಲಿ ಇಂಥದ್ದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಆದ್ದರಿಂದ ಯಾರಾದರೂ ಮಿಣುಕುವ ಯಂತ್ರವೊಂದನ್ನು ತೆಗೆದು, “ಬನ್ನಿ, ಆತ್ಮವನ್ನು ಒಂದು ಪ್ರಶ್ನೆ ಕೇಳೋಣ” ಎಂದರೆ ಮಕ್ಕಳ ಕೈ ಹಿಡಿದು ಪಕ್ಕಕ್ಕೆ ಸರಿಯಿರಿ. ಸಂಕೋಚ ಬೇಡ. ಟಿಕೆಟ್ಟಿನ ಹಣ ಹೋದರೆ ಹೋಗಲಿ.

ಹೆದರಿದ ಮಗುವನ್ನು ಮಾತ್ರ ಗದರಬೇಡಿ. ನೀರಿನ ಮೇಲೆ ನಡೆದು ಬಂದ ಯೇಸುಸ್ವಾಮಿಯನ್ನು ಕಂಡು ಶಿಷ್ಯರೇ ಭೂತವೆಂದು ಕಿರುಚಿದರು. ಪುನರುತ್ಥಾನದ ಬಳಿಕವೂ ಅವರಿಗೆ ಅದೇ ಭಯ. ಸ್ವಾಮಿ ಕೈಕಾಲು ತೋರಿಸಿದರು, ಅವರ ಮುಂದೆಯೇ ಮೀನು ತಿಂದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆ ಪ್ರವಾಸ ಹೆಚ್ಚಾಗಿ ನಿಲ್ಲುವ ಮನೆಯೊಂದಿದೆ: ರಾಯಲ್ ಬೀದಿಯ 1140ನೇ ಸಂಖ್ಯೆ, ಲಾಲೋರಿ ಮನೆ. ಖಾಸಗಿ ಮನೆಯಾದ್ದರಿಂದ ಪಾದಚಾರಿ ದಾರಿಯಲ್ಲಿ ನಿಂತೇ ನೋಡಬೇಕು. ಡೆಲ್ಫಿನ್ ಲಾಲೋರಿ ಎಂಬ ಶ್ರೀಮಂತ ಮಹಿಳೆ ಅಲ್ಲಿದ್ದಳು. ಆಕೆಯೂ ಕಥೋಲಿಕಳೇ. 1834ರ ಏಪ್ರಿಲ್ 10ರಂದು ಅಡುಗೆಮನೆಗೆ ಬೆಂಕಿ ಬಿತ್ತು. ಅಡುಗೆಯ ಮುದುಕಿಯನ್ನು ಒಲೆಗೆ ಸರಪಣಿಯಿಂದ ಬಿಗಿದಿತ್ತೆಂದೂ, ಶಿಕ್ಷೆಗೆ ಹೆದರಿ ಸಾಯಲೆಂದು ತಾನೇ ಬೆಂಕಿ ಇಟ್ಟೆನೆಂದು ಆಕೆ ಹೇಳಿದಳೆಂದೂ ವರದಿಯಾಯಿತು. ಬೀಗ ಒಡೆದು ಒಳನುಗ್ಗಿದವರಿಗೆ ಸಿಕ್ಕವರು ಹಸಿದು, ಗಾಯಗೊಂಡು, ಬಂಧನದಲ್ಲಿದ್ದ ಏಳು ಮಂದಿ ಗುಲಾಮರು. ರೊಚ್ಚಿಗೆದ್ದ ಜನ ಮನೆಯನ್ನು ಧ್ವಂಸ ಮಾಡಿದರು. ಯಜಮಾನಿ ಪ್ಯಾರಿಸಿಗೆ ಓಡಿಹೋದಳು.

ಇದು ದಾಖಲೆಯಲ್ಲಿರುವ ಮಾತು. ಇಂದು ಅಲ್ಲಿ ಕೇಳಿಬರುವ ಅತಿ ಭೀಕರ ವಿವರಗಳು 1946ರಲ್ಲಿ ಬಂದ ದೆವ್ವದ ಕಥೆಗಳ ಪುಸ್ತಕವೊಂದರಿಂದ ಹರಡಿದವು. ಮಾರ್ಗದರ್ಶಿ ಬೆರಳು ತೋರುವ ಕಿಟಕಿಯೂ ಆ ಕಿಟಕಿಯಲ್ಲ, ಈಗಿರುವ ಮನೆ ಆಮೇಲೆ ಮತ್ತೆ ಕಟ್ಟಿದ್ದು. ನಿಜವಾಗಿ ನಡೆದದ್ದೇ ಸಾಲದೆ ಇನ್ನಷ್ಟು ರಕ್ತ ಬೇಕೆನ್ನುವ ನಮ್ಮ ಆಸೆ ನನಗೆ ದೆವ್ವಕ್ಕಿಂತ ಭಯಂಕರವಾಗಿ ತೋರುತ್ತದೆ. ಅದೇ ಮನೆ ಮುಂದೆ ಹೆಣ್ಣುಮಕ್ಕಳ ಶಾಲೆಯಾಗಿತ್ತು. ಕಪ್ಪು, ಬಿಳಿ ಮಕ್ಕಳು ಜೊತೆಗೇ ಓದುತ್ತಿದ್ದರು. 1874ರಲ್ಲಿ ಬಿಳಿಯರ ಗುಂಪೊಂದು ನುಗ್ಗಿ, ಬಣ್ಣ ನೋಡಿ ಹುಡುಗಿಯರನ್ನು ಹೊರಹಾಕಿತು. ಈ ಕಥೆಯಲ್ಲಿ ದೆವ್ವವಿಲ್ಲ, ಹೀಗಾಗಿ ಕೇಳುವವರೂ ಕಡಿಮೆ.

ಸಮೀಪದಲ್ಲೇ ಉರ್ಸುಲೈನ್ ಭಗಿನಿಯರ ಹಳೆಯ ಕನ್ಯಾಮಠವಿದೆ. ಅಲ್ಲಿ ರಕ್ತ ಹೀರುವ ಹೆಂಗಸರನ್ನು ಅಟ್ಟದಲ್ಲಿ ಕೂಡಿಹಾಕಿದ್ದಾರಂತೆ! ನಕ್ಕುಬಿಡಿ. ಆದರೆ 1727ರಲ್ಲಿ ಅಲ್ಲಿಗೆ ಬಂದ ಆ ಭಗಿನಿಯರು ಗುಲಾಮ ಹುಡುಗಿಯರಿಗೂ ಪಾಠ ಹೇಳಿದರು, ಜೊತೆಗೆ ತಾವೂ ಗುಲಾಮರನ್ನು ಇಟ್ಟುಕೊಂಡಿದ್ದರು. ಎರಡೂ ನಿಜ.

ಲಾಲೋರಿ ಮನೆತನದ ಗುಲಾಮರಲ್ಲಿ 12 ಮಂದಿ 1830ರಿಂದ 1834ರೊಳಗೆ ತೀರಿಹೋದದ್ದು ಶವಸಂಸ್ಕಾರದ ರಿಜಿಸ್ಟರಿನಲ್ಲಿದೆ. ನಮ್ಮ ಧರ್ಮಕೇಂದ್ರದ ಕಚೇರಿಯಲ್ಲೂ ಇರುವಂಥ ಪುಸ್ತಕವೇ ಅದು. ಅವರಲ್ಲಿ ಬೊನ್ ಎಂಬಾಕೆ ಅಡುಗೆಯವಳು, ಬಟ್ಟೆ ಒಗೆಯುವವಳು. ಆಕೆಯ ಮಗಳು ಫ್ಲಾರೆನ್ಸ್ ಹತ್ತು ವರ್ಷದವಳು, ಲಿಯೊಂಟಿನ್ ನಾಲ್ಕು ವರ್ಷದವಳು; ಇಬ್ಬರೂ 1831ರಲ್ಲಿ ಸತ್ತರು. 1833ರ ಫೆಬ್ರವರಿಯಲ್ಲಿ ಬೊನ್ ಸತ್ತಳು, ಎರಡು ವಾರಕ್ಕೆ ಹದಿಮೂರರ ಜೂಲಿಯೆಟ್, ಮೇ ತಿಂಗಳಲ್ಲಿ ಆರು ವರ್ಷದ ಜೂಲ್ಸ್. ಸಾವಿನ ಕಾರಣ ಬರೆದಿಲ್ಲ. ಸಾಂಕ್ರಾಮಿಕ ರೋಗವೂ ಇರಬಹುದು. ಆ ವರ್ಷಗಳಲ್ಲಿ ಅಲ್ಲಿ ಕಾಲರಾ ಬಂದಿತ್ತು.

ಈ ಐವರು ಯಾರನ್ನೂ ಹೆದರಿಸಲು ಅಲ್ಲಿ ಅಲೆಯುತ್ತಿಲ್ಲ, ದೇವರ ಕೈಯಲ್ಲಿದ್ದಾರೆ. ಯುದ್ಧದಲ್ಲಿ ಮಡಿದವರ ಪಾಪಪರಿಹಾರದ ಬಲಿಗಾಗಿ ಯೂದ ಮಕ್ಕಬಿ ಹಣ ಕೂಡಿಸಿ ಜೆರುಸಲೇಮಿಗೆ ಕಳಿಸಿದನೆಂದು ಮಕ್ಕಬಿಯರ ಎರಡನೆಯ ಗ್ರಂಥ ಹೇಳುತ್ತದೆ. ಸತ್ತವರೊಡನೆ ನಮಗಿರುವ ವ್ಯವಹಾರ ಅಂಥದ್ದು. ಅವರಿಂದ ಸುದ್ದಿ ಕೇಳುವುದಲ್ಲ, ಅವರಿಗಾಗಿ ದೇವರನ್ನು ಕೇಳುವುದು. ಮಾರ್ಗದರ್ಶಿ ಕಥೆ ಮುಗಿಸಿ ಮುಂದಿನ ಮನೆಗೆ ಹೊರಟಾಗ, ಎರಡು ನಿಮಿಷ ಹಿಂದುಳಿದು ಒಂದು ಪರಲೋಕಮಂತ್ರ, ಒಂದು ನಮೋ ಮರಿಯ ಹೇಳಲು ಯಾರ ಅಡ್ಡಿಯೂ ಇಲ್ಲ. ಆ ಯಜಮಾನಿಗಾಗಿಯೂ ಹೇಳಬೇಕೇ ಎಂದು ಮಗಳು ಕೇಳಿದರೆ, ಹೌದೆನ್ನಿ, ಕಷ್ಟವಾದರೂ ಹೌದು.

ಅಷ್ಟು ದೂರ ಹೋಗಲಾಗದವರೂ ನವೆಂಬರ್ ತಿಂಗಳಲ್ಲಿ ಮೃತರ ಪೂಜೆಗೆ ಹೆಸರು ಬರೆದು ಕೊಡುತ್ತೀರಲ್ಲ. ಅಪ್ಪ, ಅಜ್ಜಿ, ದೊಡ್ಡಪ್ಪನ ಹೆಸರಿನ ಕೆಳಗೆ ಜಾಗವಿದ್ದರೆ ಬರೆಯಿರಿ: ಬೊನ್, ಜೂಲಿಯೆಟ್, ಫ್ಲಾರೆನ್ಸ್, ಜೂಲ್ಸ್, ಲಿಯೊಂಟಿನ್. ಇವರು ಯಾರೆಂದು ಗುರುಗಳು ಕೇಳಿದರೆ ಹೇಳಿ.