ಮಗಳಿಗೆ ಕೊಟ್ಟ ಹಣ, ಮಗನ ಪಾಲಿನ ತೆರಿಗೆ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರೊಡನೆ ಆಸ್ತಿಯ ಮಾತು ಬಂದಾಗ ‘ಏಳು ವರ್ಷದ ನಿಯಮ’ ಬಂದೇ ಬರುತ್ತದೆ. ಮಕ್ಕಳಿಗೆ ಬದುಕಿರುವಾಗಲೇ ಹಣ ಕೊಟ್ಟುಬಿಟ್ಟರೆ ಅಲ್ಲಿನ ಉತ್ತರಾಧಿಕಾರ ತೆರಿಗೆ ಕ್ರಮೇಣ ಕರಗಿ, ಏಳು ವರ್ಷಕ್ಕೆ ಪೂರ್ತಿ ಇಲ್ಲವಾಗುತ್ತದೆ ಎಂಬ ನಂಬಿಕೆ ಅದು. ಕೊಟ್ಟವರು ಏಳು ವರ್ಷ ಬದುಕಿದರೆ ಆ ಉಡುಗೊರೆಗೆ ತೆರಿಗೆ ಇಲ್ಲ ಎನ್ನುವುದು ನಿಜ. ಮೂರು ವರ್ಷದ ಬಳಿಕ ತೆರಿಗೆ ದರ ಶೇ 40ರಿಂದ 32, 24, 16, 8ಕ್ಕೆ ಇಳಿಯುತ್ತದೆ ಎನ್ನುವುದೂ ನಿಜ. ಆದರೆ ಈ ಇಳಿಕೆ ಮಧ್ಯಮ ವರ್ಗದ ಹೆಚ್ಚಿನ ಕುಟುಂಬಗಳಿಗೆ ದಕ್ಕುವುದೇ ಇಲ್ಲ. ಅದನ್ನು ನಂಬಿ ಯೋಜನೆ ಹಾಕಿದರೆ ಹೊರೆ ಬೀಳುವುದು ಬೇರೆಯವರ ಮೇಲೆ.

ಲೆಕ್ಕ ನೋಡಿ. ವಿಚ್ಛೇದಿತ ತಂದೆಯೊಬ್ಬರು ಮಗಳಿಗೆ 2 ಲಕ್ಷ ಪೌಂಡ್ ಕೊಟ್ಟು, ಐದೂವರೆ ವರ್ಷದ ನಂತರ ತೀರಿಕೊಳ್ಳುತ್ತಾರೆ ಎನ್ನೋಣ. ಸ್ವಂತ ಮನೆ ಇಲ್ಲ. ಬ್ಯಾಂಕು, ಷೇರುಗಳಲ್ಲಿ ಉಳಿದ 4 ಲಕ್ಷ ಪೌಂಡ್ ಉಯಿಲಿನ ಪ್ರಕಾರ ಮಗನಿಗೆ. ಸಣ್ಣಪುಟ್ಟ ವಿನಾಯಿತಿಗಳನ್ನು ಬದಿಗಿಟ್ಟರೆ, ತೆರಿಗೆ ಇಲ್ಲದ ಮಿತಿ 3.25 ಲಕ್ಷ ಪೌಂಡ್. 2009ರಿಂದ ಅದು ಏರಿಲ್ಲ. ಈ ಮಿತಿಯನ್ನು ಮೊದಲು ನುಂಗುವುದು ಏಳು ವರ್ಷದೊಳಗಿನ ಉಡುಗೊರೆಯೇ. ಮಗಳ 2 ಲಕ್ಷ ಅದರೊಳಗೇ ಅಡಗುವುದರಿಂದ ಆಕೆ ಕಟ್ಟಬೇಕಾದ ತೆರಿಗೆಯೇ ಇಲ್ಲ. ತೆರಿಗೆಯೇ ಇಲ್ಲದ ಮೇಲೆ ದರ ಇಳಿದು ಪ್ರಯೋಜನವೇನು? ಉಳಿದ 1.25 ಲಕ್ಷದ ಮಿತಿ ಮಗನ ಪಾಲಿಗೆ. ಮಿಕ್ಕ 2.75 ಲಕ್ಷಕ್ಕೆ ಶೇ 40ರಂತೆ 1.10 ಲಕ್ಷ ಪೌಂಡ್ ತೆರಿಗೆ. ತಂದೆ ಏಳು ವರ್ಷ ಪೂರೈಸಿದ್ದರೆ ಅದು 30 ಸಾವಿರ ಮಾತ್ರ. ವ್ಯತ್ಯಾಸವಾದ 80 ಸಾವಿರ, ಮಗಳಿಗೆ ಕೊಟ್ಟ ಹಣದ ಸರಿಯಾಗಿ ಶೇ 40. ಐದೂವರೆ ವರ್ಷದಲ್ಲಿ ಒಂದು ಪೌಂಡೂ ಕರಗಲಿಲ್ಲ, ಹೊರೆ ಹೊತ್ತವನು ಮಗ.

ಹಾಗಾದರೆ ಇರುವುದನ್ನೆಲ್ಲ ಬೇಗನೆ ಕೊಟ್ಟುಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆದು ತಾವು ಬಾಡಿಗೆ ಕೊಡದೆ ಅಲ್ಲೇ ಇದ್ದರೆ, ಎಷ್ಟು ವರ್ಷ ಕಳೆದರೂ ಕಾನೂನು ಅದನ್ನು ಕೊಟ್ಟವರ ಆಸ್ತಿಯೆಂದೇ ಎಣಿಸುತ್ತದೆ. 1986ರಿಂದ ಈ ನಿಯಮವಿದೆ. ವಯಸ್ಸಾದ ಮೇಲೆ ಆರೈಕೆಯ ಖರ್ಚಿಗೆ ಮಕ್ಕಳ ಮುಂದೆ ಕೈಚಾಚುವಂತಾಗಬಾರದು ಎಂಬುದು ತೆರಿಗೆಗಿಂತ ದೊಡ್ಡ ಮಾತು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಆದಾಯದಿಂದ ಕೊಡುವುದು. ವರ್ಷಕ್ಕೆ 3,000 ಪೌಂಡಿನ ವಿನಾಯಿತಿ ಹೇಗೂ ಇದೆ. ಅದರ ಮೇಲೆ, ತಮ್ಮ ಜೀವನಮಟ್ಟಕ್ಕೆ ಕೊರತೆಯಾಗದಂತೆ, ಆದಾಯದ ಉಳಿಕೆಯಿಂದ ನಿಯಮಿತವಾಗಿ ಕೊಡುವುದಕ್ಕೆ ಮಿತಿಯೂ ಇಲ್ಲ, ಏಳು ವರ್ಷ ಕಾಯುವುದೂ ಇಲ್ಲ. ಆದರೆ ವರ್ಷ ವರ್ಷದ ಆದಾಯ, ಖರ್ಚು, ಕೊಟ್ಟ ಮೊತ್ತ ಕಾಗದದ ಮೇಲಿರಬೇಕು. ಮುಂದೆ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸುವ ಮಕ್ಕಳಿಗೆ ಅದೇ ಆಧಾರ.

ಊರಿನ ಆಸ್ತಿಗೆ ಇದೆಲ್ಲ ತಗಲುವುದಿಲ್ಲ ಎನ್ನುವವರಿದ್ದಾರೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು, ನಿಜ. ಆದರೆ 2025ರ ಏಪ್ರಿಲ್ 6ರಿಂದ, ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಬ್ರಿಟನ್ನಿನ ನಿವಾಸಿಯಾಗಿದ್ದವರ ಆಸ್ತಿ ಎಲ್ಲೇ ಇರಲಿ, ಈ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಸೈಟೂ ಹೊರತಲ್ಲ. ಎರಡು ದೇಶಗಳ ನಡುವಿನ 1956ರ ಒಪ್ಪಂದ ಕೆಲವರಿಗೆ ರಕ್ಷಣೆ ಕೊಡಬಹುದು. ಅದು ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ತಜ್ಞರಿಂದಲೇ ತಿಳಿಯಬೇಕು.

ಆದ್ದರಿಂದ ದೊಡ್ಡ ಮೊತ್ತ ಕೊಡುವ ದಿನವೇ ಉಯಿಲನ್ನೂ ತೆಗೆದು ನೋಡಿ. ಏಳು ವರ್ಷದೊಳಗೆ ಸಾವು ಬಂದರೆ ಯಾರ ಪಾಲಿನಿಂದ ಎಷ್ಟು ಕಡಿತವಾಗುತ್ತದೆ ಎಂದು ಲೆಕ್ಕಹಾಕಿ, ಅದನ್ನು ಸರಿದೂಗಿಸುವ ಮಾತನ್ನು ಉಯಿಲಿನಲ್ಲೇ ಬರೆಸಿ, ಮಕ್ಕಳಿಬ್ಬರಿಗೂ ತಿಳಿಸಿ. ತೆರಿಗೆ ಕಟ್ಟಿಯೂ ಕುಟುಂಬ ನೆಮ್ಮದಿಯಾಗಿರಬಹುದು. ಅಪ್ಪ ಅನ್ಯಾಯ ಮಾಡಿದರು ಎಂಬ ಭಾವನೆ ಮಕ್ಕಳ ನಡುವೆ ಉಳಿದರೆ ಅದು ಸಾಧ್ಯವಿಲ್ಲ.