ಹದಿನೈದು ನಿಮಿಷದ ಪಣ

ಬಿಟ್‌ಕಾಯಿನ್ ಬೆಲೆ ಇನ್ನು 15 ನಿಮಿಷದಲ್ಲಿ ಏರುತ್ತದೋ, ಇಳಿಯುತ್ತದೋ? ಪಾಲಿಮಾರ್ಕೆಟ್‌ನಂಥ ತಾಣಗಳಲ್ಲಿ ಇದರ ಮೇಲೂ ಷೇರು ಕೊಳ್ಳಬಹುದು. ಊಹೆ ನಿಜವಾದರೆ ಷೇರಿಗೆ 1 ಡಾಲರ್, ಸುಳ್ಳಾದರೆ ಸೊನ್ನೆ.

ಆಸೆ ಹುಟ್ಟಿಸುವುದು ಕೊನೆಯ ನಿಮಿಷ. ಬೆಲೆ ಆರಂಭದ ದರಕ್ಕಿಂತ ಮೇಲೇ ಇದೆ, ‘ಏರಿಕೆ’ಯ ಷೇರು 95 ಸೆಂಟ್. ಐದು ಸೆಂಟ್ ಕೈಗೆ ಬಂದಂತೆಯೇ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: ಒಮ್ಮೆ ಸೋತರೆ 95 ಸೆಂಟ್ ಹೋಯಿತು, ಅದನ್ನು ತುಂಬಿಕೊಳ್ಳಲು 19 ಸಲ ಗೆಲ್ಲಬೇಕು. ಶುಲ್ಕ ಬಿದ್ದರೆ ಅದು ಬೇರೆ. ಎದುರಿಗೆ ಕೂತಿರುವುದು ಎಷ್ಟೋ ಸಲ ಮನುಷ್ಯನೂ ಅಲ್ಲ, ತಾನಾಗಿಯೇ ವ್ಯವಹರಿಸುವ ಬಾಟ್ ಪ್ರೋಗ್ರಾಂ. ನೀವು ಗುಂಡಿ ಒತ್ತುವಷ್ಟರಲ್ಲಿ ಅದು ಕೊಂಡು ಮಾರಿ ಮುಗಿಸಿರುತ್ತದೆ. ಇನ್ನೊಂದು ಮಾತು. ತೀರ್ಪು ಆಗುವುದು ನಿಯಮದಲ್ಲಿ ಹೆಸರಿಸಿದ ದರದ ಮೇಲೆ, ನಿಮ್ಮ ಮೊಬೈಲ್ ತೋರಿಸುವ ದರದ ಮೇಲಲ್ಲ. ಒಂದೆರಡು ಡಾಲರ್ ವ್ಯತ್ಯಾಸ ಸಾಕು, ಗೆದ್ದೆ ಅಂದುಕೊಂಡದ್ದು ಸೋಲು.

ನಮ್ಮಲ್ಲಂತೂ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲೇ ಸಂಸತ್ತಿನ ಒಪ್ಪಿಗೆ ಸಿಕ್ಕಿದೆ. ‘ಹೌದು-ಇಲ್ಲ’ ಊಹೆಯ ಪ್ರೋಬೊ ಆ್ಯಪ್ ಹಣದ ಆಟ ನಿಲ್ಲಿಸಿದ್ದು ಆಗಲೇ. ವಿಪಿಎನ್ ಹಾಕಿಕೊಂಡು ಹೊರದೇಶದ ತಾಣಕ್ಕೆ ನುಗ್ಗಿದಿರಿ ಅನ್ನಿ. ಹಣ ಅಲ್ಲೇ ಸಿಕ್ಕಿಹಾಕಿಕೊಂಡರೆ ಯಾರ ಬಾಗಿಲು ತಟ್ಟುತ್ತೀರಿ?

ಕುತೂಹಲ ತಡೆಯದಿದ್ದರೆ ಒಂದು ವಾರ ನೋಟ್‌ಬುಕ್ಕಿನಲ್ಲೇ ಆಡಿ. ಸಮಯ, ಷೇರಿನ ದರ, ನಿಮ್ಮ ಊಹೆ, ಫಲಿತಾಂಶ ಬರೆದಿಡಿ. ಭಾನುವಾರ ಕೂತು ಕೂಡಿ ಕಳೆಯಿರಿ. ನಾನು ಮೂರನೇ ದಿನಕ್ಕೇ ಪೆನ್ನು ಕೆಳಗಿಟ್ಟೆ.